ಏಳನೆಯ ದಿಮ್ಮಿ

ಹಾಲ್ವರ್ ಜ್ಯಾಕಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿದ.
ಮನೆ ಎಲ್ಲೋ ಒಳಗೆ ಒಮ್ಮೆ ನರಳಿ ಸುಮ್ಮನಾಯಿತು.
"ಇನ್ನು ಕಾಫಿ," ಎಂದ.
ದಿನಕ್ಕೆ ಇಷ್ಟೇ ಎತ್ತಬೇಕು, ಕಿರುಬೆರಳ ಉಗುರಿನಷ್ಟು;
ಅವಸರಪಟ್ಟರೆ ಮೇಲಿನ ಕಿಟಕಿಯ ಗಾಜು ಚಾಡಿ ಹೇಳುತ್ತದೆ.

ಸಿಗ್ನಿ ದನದ ಡಾಕ್ಟರು.
ಸಿಕ್ಕಿಕೊಂಡ ಕರುವನ್ನು ಎಳೆಯುವಾಗ ಅವಳು ರೈತರಿಗೆ ಹೇಳುವುದೂ ಇದನ್ನೇ:
ತಾಯಿ ಮುಕ್ಕಿದಾಗ ಎಳಿ,
ಸುಮ್ಮನಿದ್ದಾಗ ಸುಮ್ಮನಿರು.

ನೂಮೆದಾಲ್ ಕಣಿವೆಯ ಈ ಮನೆ
ಒಂದು ಹಳೇ ಟ್ರ್ಯಾಕ್ಟರಿನ ಬೆಲೆಗೆ ಸಿಕ್ಕಿತ್ತು.
ಆಮೇಲಿನ ಲೆಕ್ಕ ಬರೆದಿಡುವುದನ್ನು ಅವಳು ಬಿಟ್ಟಿದ್ದಾಳೆ.
ಬುಡದ ದಿಮ್ಮಿಗೆ ಚಾಕು ಇಳಿದದ್ದು ಕೇಕಿಗೆ ಇಳಿದ ಹಾಗೆ;
ಉತ್ತರದ ಮೂಲೆಯಲ್ಲಿ ಕಪ್ಪಿರುವೆಗಳ ದೊಡ್ಡ ಸಂಸಾರ.
ಅದರ ಮೇಲಿನವು ಮಾತ್ರ, ಗೆಣ್ಣಿನಿಂದ ತಟ್ಟಿದರೆ,
ತುಂಬಿದ ಕಣಜದ ಹಾಗೆ ಕಡಿಮೆ ಮಾತಾಡಿದವು.

ಅವಳು ಕೇಳಿದ್ದು ಹೆಚ್ಚೇನಲ್ಲ.
ಬರಿಗಾಲಿಗೆ ಬೆಚ್ಚಗಿನ ನೆಲ, ನಿಂತು ಮೀಯಲು ಬಿಸಿನೀರು,
ಪಾತ್ರೆ ತೊಳೆಯುವ ಯಂತ್ರ,
ರಾತ್ರಿ ಎರಡಕ್ಕೆ ಫೋನ್ ಬಂದರೆ
ಎಡವದೆ ಬೂಟು ಸಿಗುವಂಥ ಒಂದು ದೀಪ.

ಪರಂಪರೆ ಇಲಾಖೆಯ ಅಧಿಕಾರಿ ಬಂದು ಗೋಡೆಗಳನ್ನು ಮುಟ್ಟಿ ನೋಡಿದ.
"ನೆಲದಡಿ ಏನು ಬೇಕಾದರೂ ಹುಗಿಯಿರಿ. ದಿಮ್ಮಿಗೆ ಮೊಳೆ ಬೇಡ.
ಕಿಟಕಿ ಇದ್ದಷ್ಟೇ ಇರಲಿ. ಬಾಗಿಲು ಇದ್ದಷ್ಟೇ.
ಮೂಲ ಹೇಗಿತ್ತೋ ಹಾಗೆ."
ಹೊರಡುವಾಗ ಅದೇ ಬಾಗಿಲಿಗೆ ಹಣೆ ಜಜ್ಜಿಕೊಂಡ.
ಹಸುವಿನ ಕೆಚ್ಚಲಿಗೆಂದು ಇಟ್ಟಿದ್ದ ಮುಲಾಮು ಹಚ್ಚಿ ಕಳಿಸಿದಳು.

ಗೋಡೆಗೆ ಅಂಟಿಸಿದ ಕಾಗದ ಐದು ಪದರ.
ಒಂದರಲ್ಲಿ ಹೆರಿಂಗ್ ಮೀನಿನ ದರ,
ಇನ್ನೊಂದರಲ್ಲಿ ಯಾರೋ ದೋಣಿಯಲ್ಲಿ ಮರೆತ ಕೊಡೆಯ ಪ್ರಕಟಣೆ.
ಕೊನೆಯದನ್ನು ಒದ್ದೆಮಾಡಿ ಕಿತ್ತಾಗ
ದಿಮ್ಮಿಗಳ ತುದಿಯಲ್ಲಿ ಚಾಕುವಿನ ಗೀರುಗಳು.
ಒಂದನ್ನು ಇರುವೆ ತಿಂದಿತ್ತು.
ಎರಡು. ಮೂರು. ನಾಲ್ಕು. ಐದು. ಆರು.
ಎಂಟು.

ಹಾಲ್ವರ್ ನಕ್ಕ, ಮೂಗಿನ ಮೇಲಿನ ಧೂಳು ಹಾರುವ ಹಾಗೆ.
"ಇದು ಇಲ್ಲಿ ಹುಟ್ಟಿದ ಮನೆಯಲ್ಲ.
ಆಚೆ ದಡದಲ್ಲಿ ಬಿಚ್ಚಿ, ನಂಬರು ಕೊರೆದು,
ನದಿ ಹೆಪ್ಪುಗಟ್ಟಿದ ಮೇಲೆ ಕುದುರೆ ಕಟ್ಟಿ ಎಳೆದು ತಂದಿದ್ದಾರೆ."
ಮತ್ತೆ ಏಳು?
ಅವನು ಭುಜ ಹಾರಿಸಿದ. ಹಿಮದೊಳಗೆ ಜಾರಿತೋ,
ದಾರಿಯಲ್ಲಿ ಒಂದು ರಾತ್ರಿ ಚಳಿ ಮಿತಿಮೀರಿತೋ.

ಫೋನಿನಲ್ಲಿ ಅಧಿಕಾರಿ ಬಹಳ ಹೊತ್ತು ಮಾತಾಡಲಿಲ್ಲ.
"ಹಾಗಾದರೆ ಮೂಲ ಅಂತ ಯಾವುದನ್ನು ಬರೆದುಕೊಳ್ಳಲಿ?"

ಸಿಗ್ನಿ ಕುರ್ಚಿ ಹತ್ತಿ ಏಳರ ಜಾಗದಲ್ಲಿದ್ದುದನ್ನು ನೋಡಿದಳು.
ಬೇರೆಲ್ಲ ಪೈನ್, ಇದು ಮಾತ್ರ ಸ್ಪ್ರೂಸ್;
ಗಡಿಬಿಡಿಯ ಕೊಡಲಿಗೆಲಸ, ಒಂದು ಕಡೆ ತೊಗಟೆಯೂ ಉಳಿದಿದೆ.
ಗುರುತಿಲ್ಲ. ಗೀರಿಲ್ಲ.
ಮೇಲಿನ ಐದನ್ನೂ ಮಾಡಿನ ಹಿಮವನ್ನೂ
ಯಾರ ಲೆಕ್ಕಕ್ಕೂ ಸಿಗದೆ ಹೊತ್ತು ನಿಂತಿದೆ.
ಅದರ ಮೇಲೆ ಅಂಗೈ ಇಟ್ಟಳು,
ಗಬ್ಬದ ಹಸುವಿನ ಪಕ್ಕೆಗೆ ಇಡುವ ಹಾಗೆ,
ಒಳಗೆ ಏನಾದರೂ ಒದೆಯುತ್ತದೋ ಎಂದು.

ಆಗಸ್ಟಿನಲ್ಲಿ ಹೊಸ ಬುಡದ ದಿಮ್ಮಿ ಬಂತು.
ಜವುಗಿನಿಂದ ಪಾಚಿ ತಂದು ಸಂದಿಗಳಿಗೆ ತುಂಬಿದರು;
ಮೂರು ವಾರ ಅವಳ ಉಗುರೆಲ್ಲ ಹಸಿರು,
ರೈತರು ಯಾವ ರೋಗವೆಂದು ಕೇಳಿದರು.
ಹಾಲ್ವರ್ ದಿಮ್ಮಿಯನ್ನು ಮಗುಚಿ
ಯಾರಿಗೂ ಕಾಣದ ಅಡಿಮೈಯಲ್ಲಿ ಇಸವಿ ಕೊರೆದ.
"ಮುಂದಿನ ಸಲ ಬಿಚ್ಚುವವರಿಗೆ ಸುಳ್ಳು ಹೇಳಬಾರದು."
ಮುಂದಿನ ಸಲ ಎಂದದ್ದು
ಬರುವ ಮಂಗಳವಾರ ಎಂದ ಹಾಗಿತ್ತು.

ಈಗ ನೆಲ ಬೆಚ್ಚಗಿದೆ. ಯಂತ್ರ ಪಾತ್ರೆ ತೊಳೆಯುತ್ತ ಗೊಣಗುತ್ತದೆ.
ಸಿಗ್ನಲ್ಲು ಮಾತ್ರ ಗೋಡೆ ದಾಟದು;
ಫೋನು ಕಿಟಕಿಯ ಕಟ್ಟೆಯ ಮೇಲೆಯೇ ಮಲಗಬೇಕು.
ರಾತ್ರಿ ಎರಡು. ಅದು ಅಲ್ಲೇ ನಡುಗುತ್ತದೆ:
ಆಚೆ ದಡದಲ್ಲಿ ಕಡಸು, ಚೊಚ್ಚಲು, ಕಾಲು ಮೊದಲು ಬಂದಿದೆ.
ದೀಪ. ಬೂಟು. ಚೀಲ.

ಬಾಗು ಎಂದೇ ಶುರುವಾಗುತ್ತದೆ ನಮ್ಮ ಬಾಗಿಲು.
ಅವಳ ನುಡಿಯಲ್ಲಿ ಹಾಗಿಲ್ಲ,
ಆದರೂ ಕತ್ತಲಲ್ಲಿ ಅವಳ ಕತ್ತು
ಕೇಳಿಸಿಕೊಂಡಂತೆ ತಗ್ಗುತ್ತದೆ.